ಕಷಾಯಕ್ಕೆ ನೀರಿಡುವ ಮೊದಲು



ಸೊರಬ, ಶಿಕಾರಿಪುರದ ಕಡೆ ಇದು ಅಡಿಕೆ ಕೊಯ್ಲಿನ ಕಾಲ. ಭತ್ತದ ಒಕ್ಕಲು ಮುಗಿಯುತ್ತ ಬಂದಿದೆ, ಮೆಕ್ಕೆಜೋಳದ ಮಷೀನು ಕೆಲವು ಕಣಗಳಲ್ಲಿ ಇನ್ನೂ ಸದ್ದು ಮಾಡುತ್ತಿದೆ. ಬೆಳಗಿನ ಜಾವ ಮೈ ಕೊರೆಯುವ ಇಬ್ಬನಿ, ಮಧ್ಯಾಹ್ನವಾಯಿತೆಂದರೆ ಚುರುಗುಟ್ಟುವ ಬಿಸಿಲು. ಈ ದಿನಗಳಲ್ಲಿ ಯಾರ ಮನೆಗೆ ಹೋದರೂ ಒಬ್ಬರಾದರೂ ಕೆಮ್ಮುತ್ತಿರುತ್ತಾರೆ. ಇನ್ನೊಬ್ಬರು ಗಂಟಲಿಗೆ ಮಫ್ಲರ್ ಸುತ್ತಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ. ಮತ್ತೊಬ್ಬರು ಮೈಕೈ ನೋವೆಂದು ಕಂಬಳಿ ಹೊದ್ದು ಮಲಗಿರುತ್ತಾರೆ.

ಇವರಲ್ಲಿ ಹೆಚ್ಚಿನವರು ಮನೆಯಲ್ಲಿಯೇ ಗುಣವಾಗುತ್ತಾರೆ. ಅವರನ್ನು ಚೆನ್ನಾಗಿ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಇವತ್ತು ಹೇಳಬೇಕೆಂದಿದ್ದೇನೆ. ಆದರೆ ನಮ್ಮ ಈ ಎರಡು ತಾಲ್ಲೂಕುಗಳಲ್ಲಿ, ಅದರಲ್ಲೂ ಸೊರಬದಲ್ಲಿ, ಮೈಕೈ ನೋವು ಜ್ವರ ಎಂದವರಿಗೆ ಕಷಾಯಕ್ಕೆ ನೀರಿಡುವ ಮೊದಲೇ ಒಂದು ಪ್ರಶ್ನೆ ಕೇಳಬೇಕು: ಕಳೆದ ಎಂಟು ಹತ್ತು ದಿನಗಳಲ್ಲಿ ಎಲ್ಲೆಲ್ಲಿ ಓಡಾಡಿದ್ದೆ? ಹೀಗೆ ಯಾಕೆ ಕೇಳಬೇಕೆಂಬುದಕ್ಕೆ ಆಮೇಲೆ ಬರುತ್ತೇನೆ.

ನೆಗಡಿ, ಕೆಮ್ಮು, ಗಂಟಲು ಕೆರೆತಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಆಂಟಿಬಯಾಟಿಕ್ ಮಾತ್ರೆ ವೈರಸ್‌ಗೆ ನಾಟುವುದೇ ಇಲ್ಲ. ಜ್ವರ ಮೂರು ನಾಲ್ಕು ದಿನ ಇರುತ್ತದೆ, ಗಂಟಲು ನೋವು ಸುಮಾರು ಒಂದು ವಾರ. ಕೆಮ್ಮು ಮಾತ್ರ ಜ್ವರ ಬಿಟ್ಟ ಮೇಲೂ ಎಳೆಯುತ್ತದೆ, ಕೆಲವರಿಗೆ ಎರಡು ಮೂರು ವಾರ. ಈ ಲೆಕ್ಕ ತಿಳಿದಿದ್ದರೆ ಎರಡನೇ ದಿನಕ್ಕೇ ಔಷಧಿ ಅಂಗಡಿಗೆ ಹೋಗಿ ಹೆಸರು ಗೊತ್ತಿಲ್ಲದ ಆಂಟಿಬಯಾಟಿಕ್ ನಾಲ್ಕು ಮಾತ್ರೆ ತಂದು, ಎರಡು ನುಂಗಿ, ಉಳಿದೆರಡನ್ನು ಗೂಡಿನಲ್ಲಿಡುವ ಅಭ್ಯಾಸ ತಪ್ಪುತ್ತದೆ. ಹಾಗೆ ಅರ್ಧಂಬರ್ಧ ನುಂಗಿದ ಔಷಧಿ ನಿಜವಾಗಿ ಬೇಕಾದ ದಿನ ಕೆಲಸ ಮಾಡದೆ ಹೋಗಬಹುದು.

ಇನ್ನು ಕಷಾಯ. ನಮ್ಮ ಮನೆಗಳಲ್ಲಿ ಕಷಾಯದ ಪುಡಿಯ ಡಬ್ಬಿ ಯಾವಾಗಲೂ ಇರುತ್ತದೆ: ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಚಿಟಿಕೆ ಮೆಂತ್ಯ, ಕಾಳುಮೆಣಸು. ಶುಂಠಿಗಂತೂ ಹುಡುಕಾಡಬೇಕಿಲ್ಲ, ಸೊರಬ ಶಿಕಾರಿಪುರದ ಹೊಲಗಳಲ್ಲೇ ಬೆಳೆಯುತ್ತದೆ. ಎರಡು ಲೋಟ ನೀರಿಗೆ ಬೆರಳಿನ ತುದಿಯಷ್ಟು ಶುಂಠಿ ಜಜ್ಜಿ ಹಾಕಿ, ಒಂದು ಚಮಚ ಪುಡಿ, ನಾಲ್ಕು ತುಳಸಿ ಎಲೆ ಸೇರಿಸಿ ಒಂದೂವರೆ ಲೋಟಕ್ಕೆ ಇಳಿಸಿ, ಚೂರು ಬೆಲ್ಲ ಹಾಕಿ ಕುಡಿದರೆ ಎದೆ ಹಗುರಾಗುತ್ತದೆ. ಬಿಸಿ ದ್ರವ ಕಫವನ್ನು ಸಡಿಲಿಸುತ್ತದೆ, ಖಾರಕ್ಕೆ ಬಾಯಲ್ಲಿ ನೀರೂರಿ ಒಣಗಿದ ಗಂಟಲು ನೆನೆಯುತ್ತದೆ, ಜ್ವರದಲ್ಲಿ ಬೇಕಾದ ನೀರಿನಂಶವೂ ಒಳಗೆ ಹೋಗುತ್ತದೆ. ವೈರಸ್ಸನ್ನು ಕಷಾಯ ಕೊಲ್ಲುವುದಿಲ್ಲ. ದೇಹ ಅದರೊಂದಿಗೆ ಹೋರಾಡುವಷ್ಟು ದಿನ ಸುಖ ಕೊಡುತ್ತದೆ. ಅದು ಸಣ್ಣ ಉಪಕಾರವೇನಲ್ಲ. ದಿನಕ್ಕೆ ಎರಡು ಮೂರು ಲೋಟ ಸಾಕು. ಖಾರ ಹೆಚ್ಚಾದಷ್ಟೂ ಗುಣ ಹೆಚ್ಚೆಂದು ಖಾಲಿ ಹೊಟ್ಟೆಗೆ ಕಾಳುಮೆಣಸು ಸುರಿದುಕೊಂಡವರಿಗೆ ಎದೆಯುರಿ ಶುರುವಾಗುತ್ತದೆ, ಹುಳಿತೇಗಿನಿಂದಲೇ ಇನ್ನೊಂದು ಕೆಮ್ಮು ಹುಟ್ಟುತ್ತದೆ. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು.

ಬೇಲಿಯ ಗಿಡವೊಂದನ್ನು ಇಲ್ಲಿ ನೆನೆಯಬೇಕು. ಆಡುಸೋಗೆ, ಆಡೂ ಬಾಯಿ ಹಾಕದ ಕಹಿ ಸೊಪ್ಪು. ಕೆಮ್ಮಿಗೆ ಅದರ ಎಲೆಯ ರಸ ಕೊಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಅದರಲ್ಲಿರುವ ವಾಸಿಸಿನ್ ಎಂಬ ಸತ್ವವನ್ನು ಆಧಾರವಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಔಷಧಿಯನ್ನು ರಸಾಯನಶಾಸ್ತ್ರಜ್ಞರು ರೂಪಿಸಿದರು. ಆಂಬ್ರಾಕ್ಸಾಲ್ ಕೂಡ ಅದೇ ಬಳ್ಳಿಯ ಕುಡಿ. ಇವತ್ತು ಅಂಗಡಿಯಲ್ಲಿ ಸಿಗುವ ಹಲವು ಕೆಮ್ಮಿನ ಸಿರಪ್ಪುಗಳಲ್ಲಿ ಇವೆರಡರಲ್ಲೊಂದು ಇರುತ್ತದೆ. ಆದರೆ ಗರ್ಭಿಣಿಯರು ಆಡುಸೋಗೆ ಮುಟ್ಟಬಾರದು, ಗರ್ಭಕೋಶವನ್ನು ಹಿಂಡುವ ಗುಣ ಅದಕ್ಕಿದೆ. ದೊಡ್ಡಪತ್ರೆ ಸೌಮ್ಯವಾದದ್ದು. ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ಹಿಂಡಿದ ಒಂದು ಚಮಚ ರಸಕ್ಕೆ ಜೇನು ಬೆರೆಸಿ ಕೊಡುವುದು ಇಲ್ಲಿನ ಎಲ್ಲ ತಾಯಂದಿರಿಗೂ ಗೊತ್ತು.

ಗಂಟಲು ನೋವಿಗೆ ಉಪ್ಪುನೀರಿನಷ್ಟು ಅಗ್ಗದ, ಹಿತವಾದ ಉಪಾಯ ಬೇರೆಯಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಕತ್ತು ಹಿಂದಕ್ಕೆ ವಾಲಿಸಿ, ಗಂಟಲಲ್ಲಿ ಗಳಗಳ ಸದ್ದು ಬರುವಂತೆ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ದಿನಕ್ಕೆ ನಾಲ್ಕು ಸಲ. ಮುಕ್ಕಳಿಸಲು ಬಾರದ ಸಣ್ಣ ಮಕ್ಕಳಿಗೆ ಇದು ಬೇಡ.

ಜೇನುತುಪ್ಪದ ಬಗ್ಗೆ ವಿದೇಶದಲ್ಲೂ ಪರೀಕ್ಷೆ ನಡೆದಿದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕೆಮ್ಮುತ್ತಿದ್ದ 105 ಮಕ್ಕಳನ್ನು ಮೂರು ಗುಂಪು ಮಾಡಿ, ಮಲಗುವ ಮುಂಚೆ ಒಂದು ಗುಂಪಿಗೆ ಜೇನು, ಇನ್ನೊಂದಕ್ಕೆ ಕೆಮ್ಮಿನ ಔಷಧಿ ಕೊಟ್ಟು, ಮೂರನೆಯದಕ್ಕೆ ಏನೂ ಕೊಡದೆ ನೋಡಿದರು. ಮಗು ಚೆನ್ನಾಗಿ ನಿದ್ದೆ ಮಾಡಿತೆಂದು ಹೆಚ್ಚಾಗಿ ಹೇಳಿದವರು ಜೇನು ಕೊಟ್ಟ ತಂದೆತಾಯಿಯರು. ಎರಡರಿಂದ ಐದು ವರ್ಷದ ಮಕ್ಕಳಿಗೆ ಅರ್ಧ ಚಮಚ, ಅದಕ್ಕಿಂತ ದೊಡ್ಡವರಿಗೆ ಒಂದು ಚಮಚ ಸಾಕಾಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಸೋಕಿಸಲೇಬಾರದು. ಬಾಣಂತಿ ಕೋಣೆಯಲ್ಲಿ ಬಜೆ ತೇದು ಜೇನಿನಲ್ಲಿ ನೆಕ್ಕಿಸುವ ಪದ್ಧತಿ ನಮ್ಮಲ್ಲಿದೆ. ಅಜ್ಜಿಯಂದಿರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ, ಅದನ್ನು ಬಿಟ್ಟುಬಿಡಿ. ಎಷ್ಟೇ ಶುದ್ಧವಾದ ತುಡುವೆ ಜೇನಾದರೂ ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜ ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ಕೂಸಿನ ಕರುಳಲ್ಲಿ ಅದು ಮೊಳೆತು, ಕೈಕಾಲು ಜೋತುಬಿದ್ದು, ಉಸಿರಾಟಕ್ಕೇ ತೊಂದರೆಯಾಗುತ್ತದೆ.

ಮಕ್ಕಳಿಗೆ ಅಂಗಡಿಯ ಕೆಮ್ಮಿನ ಸಿರಪ್ಪು ಬೇಡ. 2022ರಲ್ಲಿ ಆಫ್ರಿಕದ ಗ್ಯಾಂಬಿಯಾ ದೇಶದಲ್ಲಿ, 2025ರಲ್ಲಿ ನಮ್ಮದೇ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪು ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ತೀರಿಕೊಂಡರು. ಛಿಂದ್ವಾಡಾದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮನೆಗಳಲ್ಲಿ ತೊಟ್ಟಿಲು ಬರಿದಾಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ ಕೆಮ್ಮಿನ ಔಷಧಿ ಕೊಡಲೇಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಕಿಲ್ಲ ಎಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚನೆ ಕೊಟ್ಟಿತು. ವಿಷವಿಲ್ಲದ ಸಿರಪ್ಪಿನಿಂದಲೂ ಆ ವಯಸ್ಸಿನ ಮಕ್ಕಳಿಗೆ ಲಾಭ ಅಷ್ಟಕ್ಕಷ್ಟೆ.

ಅದರ ಬದಲು ತಾಯಂದಿರು ಒಂದು ವಿದ್ಯೆ ಕಲಿತುಕೊಂಡರೆ ಎಷ್ಟೋ ಜೀವ ಉಳಿಯುತ್ತದೆ. ಕೆಮ್ಮುವ ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಎದೆ ಏರಿಳಿಯುವುದನ್ನು ನೋಡುತ್ತ, ಮೊಬೈಲಿನ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ನ್ಯುಮೋನಿಯ ಇರಬಹುದು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು, ಮೊಲೆ ಹಿಡಿಯದಿರುವುದು, ಮಂಪರಾಗಿ ಬೀಳುವುದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು, ರಾತ್ರಿಯೇ 108ಕ್ಕೆ ಫೋನು ಮಾಡಬೇಕು.

ಆವಿ ತೆಗೆದುಕೊಂಡರೆ ಮೂಗು ಸ್ವಲ್ಪ ಹೊತ್ತು ಬಿಡುತ್ತದೆ, ದೊಡ್ಡವರಿಗೆ ಅಡ್ಡಿಯಿಲ್ಲ. ಕುದಿಯುವ ಪಾತ್ರೆಯ ಮೇಲೆ ಮಗುವನ್ನು ಬಗ್ಗಿಸಿ ಕಂಬಳಿ ಮುಚ್ಚುವುದು ಮಾತ್ರ ಅಪಾಯ, ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆಗೆ ಬರುತ್ತಾರೆ. ಕರ್ಪೂರ ಹೊಟ್ಟೆಗೆ ಹೋದರೆ ಸಣ್ಣ ಮಕ್ಕಳಿಗೆ ಫಿಟ್ಸ್ ಬರಬಹುದು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎರಡು ವರ್ಷದೊಳಗಿನವರ ಎದೆಗೆ ಹಚ್ಚುವುದು ಬೇಡ.

ಎಲ್ಲ ಕೆಮ್ಮೂ ಸೋಂಕಿನದಲ್ಲ. ಅಡಿಕೆ ಬೇಯಿಸುವ ಒಲೆಯ ಮುಂದೆ ರಾತ್ರಿಯಿಡೀ ಕೂತ ಹೆಂಗಸರ ಕೆಮ್ಮಿಗೆ ಹಸಿ ಕಟ್ಟಿಗೆಯ ಹೊಗೆ ಕಾರಣ. ಮೆಕ್ಕೆಜೋಳದ ಮಷೀನಿನ ಹತ್ತಿರ ನಿಂತವರ ಗಂಟಲು ಕೆರೆತಕ್ಕೆ ಧೂಳು ಕಾರಣ. ಮಳೆಗೆ ನೆಂದು ಬೂಸಲು ಹಿಡಿದ ಹುಲ್ಲನ್ನು ಬಣವೆಯಿಂದ ಕೀಳುವಾಗ ಏಳುವ ಪುಡಿ ಇನ್ನೂ ಕೆಟ್ಟದ್ದು. ಕೆಲವರಿಗೆ ಅದೇ ಸಂಜೆ ಚಳಿ, ಜ್ವರ, ಎದೆ ಬಿಗಿತ ಬರುತ್ತದೆ, ಎರಡು ದಿನದಲ್ಲಿ ಬಿಡುತ್ತದೆ, ಮತ್ತೆ ಹುಲ್ಲು ಮುಟ್ಟಿದರೆ ಮತ್ತೆ ಬರುತ್ತದೆ. ಇವರಿಗೆ ಮೂಗು ಬಾಯಿಗೆ ಒಳ್ಳೆಯ ಮಾಸ್ಕು, ಗಾಳಿಗೆ ಬೆನ್ನು ಮಾಡಿ ನಿಲ್ಲುವುದು, ಬೇಯಿಸುವ ಒಲೆಗೆ ಒಣ ಕಟ್ಟಿಗೆ ಇವೇ ಔಷಧಿ.

ಗಂಟಲಿನ ವಿಷಯದಲ್ಲಿ ಇನ್ನೊಂದು ಮಾತು. ನೆಗಡಿ ಕೆಮ್ಮಿನ ಜೊತೆ ಬಂದ ಗಂಟಲು ನೋವಿಗೆ ಹೆದರಬೇಕಿಲ್ಲ. ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ, ಜೋರು ಜ್ವರ, ನುಂಗಲಾಗದಷ್ಟು ನೋವು, ಕುತ್ತಿಗೆಯಲ್ಲಿ ಗೆಡ್ಡೆ, ಗಂಟಲೊಳಗೆ ಬಿಳಿ ಚುಕ್ಕೆ — ಶಾಲೆಗೆ ಹೋಗುವ ಮಗುವಿಗೆ ಹೀಗಾದರೆ ವೈದ್ಯರಿಗೆ ತೋರಿಸಲೇಬೇಕು. ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ ಆಗಿದ್ದರೆ, ಹಾಗೇ ಬಿಟ್ಟಾಗ ಕೆಲವು ವಾರಗಳ ಮೇಲೆ ಕೀಲು ಊದಿ, ಹೃದಯದ ಕವಾಟ ಕೆಡುವ ಸಂಭವ ಉಂಟು. ಇಲ್ಲಿ ಆಂಟಿಬಯಾಟಿಕ್ ನಿಜವಾಗಿ ಬೇಕು, ವೈದ್ಯರು ಹೇಳಿದಷ್ಟೂ ದಿನ ಬೇಕು. ಗಂಟಲಲ್ಲಿ ಬೂದಿ ಬಣ್ಣದ ಪೊರೆ ಕಂಡರೆ ಗಂಟಲುಮಾರಿಯೋ ಎಂದು ಅವತ್ತೇ ಓಡಬೇಕು. ಅದಕ್ಕೇ 10 ಮತ್ತು 16ನೇ ವರ್ಷದಲ್ಲಿ ಹಾಕುವ ಟಿಡಿ ಲಸಿಕೆಯನ್ನು ತಪ್ಪಿಸಬೇಡಿ. ಕೆಮ್ಮು ಎರಡು ವಾರ ದಾಟಿದವರು, ಸಂಜೆ ಜ್ವರ, ತೂಕ ಇಳಿಯುವುದು ಇದ್ದವರು ಕಫ ಪರೀಕ್ಷೆ ಮಾಡಿಸಬೇಕು. ಕ್ಷಯದ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. 2024ರ ನವೆಂಬರ್‌ನಿಂದ ಚಿಕಿತ್ಸೆಯ ತಿಂಗಳುಗಳಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ.

ಈಗ ಮೈಕೈ ನೋವು. ವೈದ್ಯನಾಗಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದು: "ಡಾಕ್ಟ್ರೇ, ಮೈಯೆಲ್ಲ ಮುರ್ದು ಹಾಕ್ದಂಗಾಗೈತೆ, ನಾಳೆ ಕೆಲ್ಸಕ್ಕೆ ಹೋಗ್ಬೇಕು, ಒಂದು ಸೂಜಿ ಹಾಕ್ಬಿಡ್ರಿ." ಈ ಮಾತಿನ ಹಿಂದಿನ ಕಷ್ಟ ನನಗೆ ಗೊತ್ತು. ಎರಡು ದಿನ ಮಲಗಿದರೆ ಎರಡು ದಿನದ ಕೂಲಿ ಹೋಯಿತು. ಆದರೂ ಆ ಸೂಜಿಗೆ ನಾನು ಒಪ್ಪುವುದಿಲ್ಲ. ನೋವಿಗೆಂದು ಸಾಮಾನ್ಯವಾಗಿ ಹಾಕುವುದು ಡೈಕ್ಲೋಫೆನಾಕ್. ಊಟವಿಲ್ಲದೆ, ನೀರು ಕುಡಿಯದೆ ಬಳಲಿದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ, ಜಠರಕ್ಕೆ ಏಟು ಕೊಡುತ್ತದೆ. ಬಂದದ್ದು ಡೆಂಗಿ ಅಥವಾ ಮುಂದೆ ಹೇಳಲಿರುವ ಮಂಗನ ಕಾಯಿಲೆಯಾಗಿದ್ದರೆ ರಕ್ತಸ್ರಾವ ಹೆಚ್ಚಿಸುತ್ತದೆ. ಐಬುಪ್ರೊಫೆನ್, ಆಸ್ಪಿರಿನ್‌ಗೂ ಇದೇ ಮಾತು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತ್ರೆ ಒಂದೇ, ಪ್ಯಾರಾಸಿಟಮಾಲ್. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಮಿನ ಒಂದು ಮಾತ್ರೆ, ಮತ್ತೊಂದಕ್ಕೆ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಮೀರಬಾರದು. ದಿನವೂ ಕುಡಿಯುವವರು, ಲಿವರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಮಕ್ಕಳಿಗೆ ತೂಕದ ಲೆಕ್ಕ: ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಒಂದು ಸಲಕ್ಕೆ 100ರಿಂದ 150. ಸಿರಪ್ಪು 5 ಮಿಲೀಗೆ 120 ಅಥವಾ 125 ಮಿಲಿಗ್ರಾಮಿನದೂ ಇದೆ, 250ರದೂ ಇದೆ, ಬಾಟಲಿ ನೋಡಲು ಒಂದೇ ಥರ. ಕಳೆದ ಸಲ ಕೊಟ್ಟಷ್ಟೇ ಎಂದು ಸುರಿಯುವ ಮುಂಚೆ ಚೀಟಿ ಓದಿ.

ಜ್ವರದವರಿಗೆ ಗಂಜಿಯಂಥ ಊಟವಿಲ್ಲ. ಉಪ್ಪು ಹಾಕಿದ ತೆಳು ಗಂಜಿ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ರಸ ಒಂದಿಷ್ಟು. ಬಾಯಿ ಕೆಟ್ಟವರೂ ಎರಡು ತುತ್ತು ಹೆಚ್ಚು ಉಣ್ಣುತ್ತಾರೆ. ಮೂತ್ರ ತಿಳಿಯಾಗಿ ಹೋಗುವಷ್ಟು ನೀರು, ಮಜ್ಜಿಗೆ, ಎಳನೀರು ಕುಡಿಸಿ. ಬಾಳೆಹಣ್ಣು ಶೀತ, ಮೊಸರು ಶೀತ ಎಂದು ಮಕ್ಕಳನ್ನು ಉಪವಾಸ ಕೆಡವಬೇಡಿ.

ಇನ್ನು ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ.

ಸೊರಬದ ಕಾನುಗಳ ಬಗ್ಗೆ ನಿಮಗೆ ನಾನು ಹೇಳಬೇಕಾದ್ದಿಲ್ಲ. ಬಯಲಿನ ಗದ್ದೆಗಳ ನಡುವೆ ದಟ್ಟವಾಗಿ ನಿಂತ, ದೇವರ ಹೆಸರಿನಲ್ಲಿ ಉಳಿದ ಹಸಿರು ಕಾಡುಗಳವು. ಕಷಾಯಕ್ಕೆ ಬೇಕಾದ ಕಾಳುಮೆಣಸು ಒಂದು ಕಾಲಕ್ಕೆ ಆ ಕಾನುಗಳಲ್ಲೇ ಸಿಗುತ್ತಿತ್ತು. ಅಂಥ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹತ್ತಿರದ ಹಳ್ಳಿಯ ಜನ ತೀವ್ರ ಜ್ವರ, ಮೈನೋವಿನಿಂದ ಹಾಸಿಗೆ ಹಿಡಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುತ್ತಿರುವುದನ್ನು ಕಂಡು, ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂದು ಅವರು ಮೊದಲು ಆತಂಕಪಟ್ಟರು. ಸಿಕ್ಕಿದ್ದು ಬೇರೊಂದು ಹೊಸ ವೈರಸ್, ರಷ್ಯದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ಬಳಗದ್ದು. ಆ ಕಾಡಿನ ಹೆಸರೇ ರೋಗಕ್ಕೆ ನಿಂತಿತು: ಕ್ಯಾಸನೂರು ಕಾಡಿನ ಕಾಯಿಲೆ. ಜನ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಈಚಿನ ವರ್ಷಗಳಲ್ಲಿ ಸಾಗರ, ತೀರ್ಥಹಳ್ಳಿ, ನಮಗೆ ಹೊಂದಿಕೊಂಡ ಸಿದ್ದಾಪುರದ ಕಡೆ ಹೆಚ್ಚಾಗಿ ಕಾಣಿಸಿಕೊಂಡಿದೆ. ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಗಿದೆ.

ಮಂಗ ಕಚ್ಚಿ ಬರುವ ರೋಗವಲ್ಲ ಇದು. ಮನುಷ್ಯರಿಂದ ಮನುಷ್ಯರಿಗೂ ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ಮುಟ್ಟಿ ಆರೈಕೆ ಮಾಡಲು ಯಾರೂ ಅಂಜಬೇಕಿಲ್ಲ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಉದುರಿ ನೆಲದ ದರಗಿನಲ್ಲಿ ಸೇರುತ್ತದೆ. ಮಳೆಗಾಲ ಕಳೆದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣುಗುಗಳು ಅಲ್ಲಿ ತುಂಬಿರುತ್ತವೆ. ನಾವು ಸೊಪ್ಪಿನ ಬೆಟ್ಟಕ್ಕೆ ದರಗು ಗುಡಿಸಲು, ಕಟ್ಟಿಗೆ ತರಲು, ದನ ಮೇಯಿಸಲು ಹೋಗುವುದೂ ಅದೇ ತಿಂಗಳುಗಳಲ್ಲಿ. ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಚಳಿಯೊಂದಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವ ತಲೆನೋವು, ಕುತ್ತಿಗೆ, ಸೊಂಟ, ಮೀನಖಂಡಗಳಲ್ಲಿ ತಡೆಯಲಾಗದ ನೋವು, ಕೆಂಪಗಾದ ಕಣ್ಣು. ಕೆಲವರಿಗೆ ಕೆಮ್ಮೂ ಇರುತ್ತದೆ, ಬಾಯಿಯ ತಾಳುವಿನಲ್ಲಿ ಸಣ್ಣ ಗುಳ್ಳೆಗಳೂ ಏಳಬಹುದು. ಮೊದಲ ದಿನ ಇದನ್ನೂ ಸಾಮಾನ್ಯ ಮೈಕೈ ನೋವನ್ನೂ ಬೇರೆ ಮಾಡಿ ಹೇಳುವುದು ನಮಗೂ ಕಷ್ಟ. ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಬರುವ ಇಲಿಜ್ವರವೂ ಕೆಂಪು ಕಣ್ಣು, ಮೀನಖಂಡದ ನೋವಿನಿಂದಲೇ ಶುರುವಾಗುತ್ತದೆ. ಅದಕ್ಕೇ ಓಡಾಡಿದ ಜಾಗ ಮುಖ್ಯ.

ಮಂಗನ ಕಾಯಿಲೆಯ ವೈರಸ್ ಕೊಲ್ಲುವ ಔಷಧಿ ಇನ್ನೂ ಇಲ್ಲ. ಹಳೆಯ ಲಸಿಕೆಯ ಫಲ ಸಾಲದೆಂದು 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಹಾಗಿದ್ದರೂ ಬೇಗ ಆಸ್ಪತ್ರೆ ಸೇರಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ. ನೀರಿನಂಶ ಕಾಯ್ದು, ರಕ್ತಸ್ರಾವದ ಮೇಲೆ ಕಣ್ಣಿಟ್ಟರೆ ದೇಹವೇ ಗೆಲ್ಲುತ್ತದೆ. ಸಾಯುವವರು ನೂರಕ್ಕೆ ಮೂರರಿಂದ ಐದು ಜನ. ಈ ಸಂಖ್ಯೆಯನ್ನು ಇನ್ನೂ ಇಳಿಸುವುದು ನಮ್ಮ ಕೈಯಲ್ಲೂ ಇದೆ. ಕಾಡಿಗೆ ಹೋಗುವ ಮೊದಲು ಆಶಾ ಕಾರ್ಯಕರ್ತೆಯರು ಹಂಚುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಮೈಮುಚ್ಚುವ ಬಟ್ಟೆ ತೊಡಿ. ಬಂದ ಕೂಡಲೆ ಬಟ್ಟೆ ಬಿಸಿನೀರಿಗೆ ಹಾಕಿ, ಹಂಡೆಯ ನೀರಲ್ಲಿ ಸೋಪು ಹಚ್ಚಿ ತಿಕ್ಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಆಸ್ಪತ್ರೆಗೆ ಹೋದರೆ ಅಜ್ಜಿಯ ಮದ್ದಿಗೆ ಅವಮಾನ ಎಂದುಕೊಳ್ಳುವವರು ಈಗಲೂ ಇದ್ದಾರೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಮಠವನ್ನು 1162ರ ಶಾಸನ ಬಣ್ಣಿಸುವಾಗ ವೇದ, ವ್ಯಾಕರಣ ಕಲಿಸುವ ಸ್ಥಳ, ದೀನರಿಗೆ ಅನ್ನ ಹಾಕುವ ಸ್ಥಳ ಎನ್ನುವುದರ ಜೊತೆಯಲ್ಲೇ ರೋಗಿಗಳಿಗೆ ಔಷಧೋಪಚಾರ ಸಿಗುವ ಸ್ಥಳ ಎಂದೂ ಹೇಳುತ್ತದೆ. ಮನೆಮದ್ದು ಬಲ್ಲ ಜನರೇ ಎಂಟು ನೂರು ವರ್ಷಗಳ ಹಿಂದೆಯೂ ಅಲ್ಲಿಗೆ ಹೋಗುತ್ತಿದ್ದಿರಬೇಕು.

ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದ್ದು ಇಷ್ಟು: ಜ್ವರ ಯಾವ ದಿನ ಶುರುವಾಯಿತು, ಅದಕ್ಕೆ ಹಿಂದಿನ ವಾರ ಬೆಟ್ಟಕ್ಕೆ, ಕಾನಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ, ಊರಿನ ಸುತ್ತ ಮಂಗಗಳು ಸತ್ತಿವೆಯೇ, ಈಗಾಗಲೇ ಯಾವ ಮಾತ್ರೆ ನುಂಗಿದ್ದೀರಿ. ವೈದ್ಯರು ಕೇಳದಿದ್ದರೂ ಹೇಳಿ. ಅದರ ಮೇಲೆ ಅವರು ರಕ್ತದ ಮಾದರಿ ಕಳಿಸುತ್ತಾರೆ. ಗುಣವಾಗಿ ಮನೆಗೆ ಬಂದ ಮೇಲೂ ಎರಡು ಮೂರು ವಾರ ಭಾರದ ಕೆಲಸ ಬೇಡ. ಮಂಗನ ಕಾಯಿಲೆಯವರಲ್ಲಿ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ ಮರುಕಳಿಸುತ್ತದೆ, ಈ ಸಲ ತಲೆನೋವು, ಕೈನಡುಕ, ಮಾತು ತಡವರಿಸುವುದು ಜೊತೆಗೂಡುತ್ತದೆ. ಹಾಗಾದರೆ ಹಳೆಯ ಚೀಟಿ ಹಿಡಿದುಕೊಂಡು ಅದೇ ದಿನ ಮತ್ತೆ ಆಸ್ಪತ್ರೆಗೆ ಬನ್ನಿ.